ಬಾಗಿಲು ಬಡಿಯುವವರು ಬೇಕಾಗಿದ್ದಾರೆ

ಚರ್ಚಿನಲ್ಲಿ ರವಿವಾರದ ಆರಾಧನೆಯ ಕೊನೆಗೆ ‘ಯೂತ್ ಫೆಲೋಶಿಪ್ (ಯುವಜನರ ಕೂಟ) ನಡೆಸಲು ಸ್ವಯಂಸೇವಕರು ಮುಂದೆ ಬರಬೇಕು’ ಎಂಬ ಪ್ರಕಟಣೆ ಆದಾಗ ನಮ್ಮ ಬೆಳಗಾವಿಯ ಕ್ರೈಸ್ತ ಸಭೆಗಳಲ್ಲಿ ಹೆಸರು ಕೊಡುವವರಿಗೇನೂ ಬರವಿಲ್ಲ. ಗಿಟಾರ್ ನುಡಿಸುವವರು, ಆಟ ಆಡಿಸುವವರು, ಕ್ರಿಸ್ಮಸ್ ನಾಟಕಕ್ಕೆ ಕುರುಬರ ವೇಷ ಹೊಲಿಸಿಕೊಡುವವರು ಎಲ್ಲರೂ ಸಿಗುತ್ತಾರೆ. ಆದರೆ ಹಿಂದಿನ ಎರಡು ರವಿವಾರ ಕಾಣಿಸದ ಹುಡುಗನ ಮನೆಯ ಬಾಗಿಲು ಬಡಿಯುವವರು ಯಾರು ಎಂದು ಕೇಳಿದರೆ ಎಲ್ಲರೂ ಪಾಸ್ಟರ್ ಅವರ ಮುಖ ನೋಡುತ್ತಾರೆ. ಇಂಥ ಯುವಕೂಟವಿರಲಿ, ಮನೆ ಪ್ರಾರ್ಥನೆಯ ಗುಂಪಿರಲಿ, ಸಭೆಯೊಳಗಿನ ಸಣ್ಣ ಗುಂಪಿನ ಸೇವೆಯಲ್ಲಿ ಮುಕ್ಕಾಲು ಪಾಲು ಇರುವುದು ಈ ಬಾಗಿಲು ಬಡಿಯುವ ಕೆಲಸವೇ ಎಂದು ನಾನು ನಂಬಿದ್ದೇನೆ.

ಇದು ನನ್ನ ಹೊಸ ಶೋಧವೇನಲ್ಲ. 1820ರಲ್ಲಿ ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಇಲ್ಲಿ ಆರಂಭಿಸಿದ ಕೆಲಸವನ್ನು ಮುಂದೆ ಮೆಥಡಿಸ್ಟ್ ಪಂಥದವರು ವಹಿಸಿಕೊಂಡರು, ಆ ಮೆಥಡಿಸ್ಟರ ಬೇರಿನಲ್ಲೇ ಸಣ್ಣ ಗುಂಪು ಇದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಪ್ರಾರ್ಥನಾ ಮಂದಿರ ಕಟ್ಟಿದ ಸಾಲ ತೀರಿಸಲು ಒಬ್ಬೊಬ್ಬರಿಂದ ವಾರಕ್ಕೊಂದು ಪೆನ್ನಿ ಎತ್ತುವುದೆಂದು ತೀರ್ಮಾನಿಸಿ, ಸದಸ್ಯರನ್ನು ಸುಮಾರು ಹನ್ನೆರಡು ಜನರ ಗುಂಪುಗಳಾಗಿ ಮಾಡಿ ಒಬ್ಬೊಬ್ಬ ಮುಖಂಡನಿಗೆ ಒಪ್ಪಿಸಲಾಯಿತು. ದುಡ್ಡಿಗಾಗಿ ಮನೆಗೆ ಹೋದ ಮುಖಂಡರ ಕಣ್ಣಿಗೆ ಎಲ್ಲಿ ಗಂಡ ಹೆಂಡಿರ ಜಗಳ, ಎಲ್ಲಿ ಕುಡಿತ ಎಂಬುದೂ ಬಿತ್ತು. ಅದನ್ನು ಕೇಳಿದ ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ, ಸಾಲ ತೀರಿಸಲು ಹುಟ್ಟಿದ ಆ ಏರ್ಪಾಡನ್ನೇ ಜನರ ಆತ್ಮಿಕ ಆರೈಕೆಗೆ ತಿರುಗಿಸಿದರು. ದುಡ್ಡಿಗಾಗಿಯಾದರೂ ಅವರು ಹೊಸ್ತಿಲು ತುಳಿದರು. ನಾವು ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಒಂದು ಬೈಬಲ್ ವಚನ ಹಾಕಿ ಕೈ ತೊಳೆದುಕೊಳ್ಳುತ್ತೇವೆ.

ಹೋಗುವುದಕ್ಕಿಂತ ಕಷ್ಟದ್ದು, ಅಲ್ಲಿ ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು. ನಾನು ಬಲ್ಲ ಒಂದು ಗುಂಪಿನಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು, ಅಪ್ಪನ ಕೆಲಸ ಹೋಗಿದೆ, ಕಾಲೇಜಿನ ಫೀ ಕಟ್ಟಲು ದಾರಿಯಿಲ್ಲ ಎಂದು ಗುಂಪು ನಡೆಸುವ ಅಕ್ಕನ ಬಳಿ ಅತ್ತಳು. ಅಕ್ಕ ಕೆಟ್ಟವರಲ್ಲ. ಶುಕ್ರವಾರದ ಮನೆ ಪ್ರಾರ್ಥನೆಯಲ್ಲಿ ಅವಳ ಹೆಸರು ಹಿಡಿದೇ ‘ಈ ಕುಟುಂಬದ ಕೊರತೆಗಾಗಿ ಪ್ರಾರ್ಥಿಸೋಣ’ ಎಂದರು. ಎಲ್ಲರೂ ಚಹಾದ ಕಪ್ ಕೆಳಗಿಡುವಷ್ಟರಲ್ಲಿ ಸುದ್ದಿ ಊರಿನ ಕ್ಯಾಂಪ್ ಬಡಾವಣೆಯಿಂದ ಟಿಳಕವಾಡಿಗೆ ಮುಟ್ಟಿತ್ತು. ಆ ರವಿವಾರ ಹುಡುಗಿಯ ತಾಯಿ ಆಶೀರ್ವಾದಕ್ಕೂ ನಿಲ್ಲದೆ ಎದ್ದು ಹೋದರು, ಮಗಳು ಮತ್ತೆ ಕೂಟಕ್ಕೆ ಬರಲಿಲ್ಲ. ‘ಪ್ರಾರ್ಥನಾ ವಿಷಯ’ ಎಂದು ನಾವು ಹಂಚುವುದರಲ್ಲಿ ಎಷ್ಟೋ ಪಾಲು ಹರಟೆಯೇ, ಕಣ್ಣು ಮುಚ್ಚಿಕೊಂಡು ಆಡುವ ಹರಟೆ. ಫೀಗೆ ದಾರಿ ಮಾಡಬಲ್ಲ ಒಬ್ಬಿಬ್ಬರಿಗೆ, ಅದೂ ಹುಡುಗಿಯನ್ನು ಕೇಳಿ, ಹೇಳಿದ್ದರೆ ಸಾಕಿತ್ತು.

ಗುಟ್ಟು ಕಾಯಲೇಬಾರದ ಸಂದರ್ಭವೂ ಒಂದಿದೆ. ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಡುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಇದೆ. ‘ಸಭೆಯ ಮರ್ಯಾದೆ ಏನಾದೀತು, ಒಳಗೇ ಮಾತಾಡಿ ಮುಗಿಸೋಣ’ ಎನ್ನುವ ಹಿರಿಯರು ಎಷ್ಟೇ ದೊಡ್ಡವರಾದರೂ ಅವರ ಮಾತು ಕೇಳಬಾರದು. ಮಕ್ಕಳೊಂದಿಗೆ ಕೂರುವಾಗ ಇಬ್ಬರು ದೊಡ್ಡವರಿರಲಿ, ರಾತ್ರಿ ಹೊತ್ತು ಒಬ್ಬರೇ ಮೆಸೇಜ್ ಮಾಡುವುದು ಬೇಡ ಎಂಬ ನಿಯಮವನ್ನು ಹೊಸ ಸ್ವಯಂಸೇವಕರಿಗೆ ಮೊದಲ ದಿನವೇ ಹೇಳಿಬಿಡಬೇಕು. ಅದರಿಂದ ಬೇಸರಪಡುವವರಿಗೆ ಈ ಸೇವೆ ಬೇಡ.

ಯುವಜನರಿಗೆ ಆಸಕ್ತಿಯಿಲ್ಲ, ಪ್ರಸಂಗದಲ್ಲಿ (ಪಾಸ್ಟರ್ ಅವರ ಉಪದೇಶದ ಹೊತ್ತಿನಲ್ಲಿ) ಮೊಬೈಲ್ ನೋಡುತ್ತಾರೆ ಎಂಬ ದೂರನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಾಕ್ಷಾತ್ ಅಪೊಸ್ತಲ ಪೌಲನ ಪ್ರಸಂಗ ನಡುರಾತ್ರಿಯವರೆಗೆ ಬೆಳೆದಾಗ, ಕಿಟಕಿಯಲ್ಲಿ ಕುಳಿತಿದ್ದ ಯೂತಿಕನೆಂಬ ಯುವಕ ನಿದ್ದೆಯಲ್ಲಿ ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದನೆಂದು ಬೈಬಲಿನ ಅಪೊಸ್ತಲರ ಕೃತ್ಯಗಳ 20ನೇ ಅಧ್ಯಾಯದಲ್ಲಿದೆ. ಪೌಲನು ಮಾತು ನಿಲ್ಲಿಸಿ ಕೆಳಗಿಳಿದು ಹೋಗಿ ಅವನನ್ನು ತಬ್ಬಿಕೊಂಡನು. ನಮ್ಮಲ್ಲಾದರೆ ಮುಂದಿನ ವಾರ ‘ಆರಾಧನೆಯಲ್ಲಿ ನಿದ್ರೆ’ ಎಂಬ ವಿಷಯದ ಮೇಲೆ ಇನ್ನೊಂದು ಪ್ರಸಂಗ ಆಗುತ್ತಿತ್ತು.

ಡಿಗ್ರಿ ಮುಗಿದ ಮಕ್ಕಳು ಕೆಲಸ ಹುಡುಕಿಕೊಂಡು ಪುಣೆಗೋ ಬೆಂಗಳೂರಿಗೋ ಹೊರಡುತ್ತಾರೆ. ನಾವು ಸಭೆಯ ಮುಂದೆ ನಿಲ್ಲಿಸಿ ಪ್ರಾರ್ಥಿಸಿ, ಒಂದು ಸತ್ಯವೇದ (ಬೈಬಲ್) ಕೊಟ್ಟು ಕಳಿಸುತ್ತೇವೆ, ಒಳ್ಳೆಯದೇ. ಅದರ ಜೊತೆಗೆ ಗುಂಪು ನಡೆಸುವವರು ಆ ಊರಿನ ಒಂದು ಸಭೆಯ ವಿಳಾಸವನ್ನೂ ಅಲ್ಲಿ ನಂಬಿಕೆಯ ಒಬ್ಬರ ಫೋನ್ ನಂಬರನ್ನೂ ಕೊಡಲಿ, ತಿಂಗಳಾದ ಮೇಲೆ ತಾವೇ ಫೋನ್ ಮಾಡಿ ‘ರೂಮ್ ಸಿಕ್ಕಿತೇನಪ್ಪಾ, ಊಟಕ್ಕೆ ಹೇಗೆ?’ ಎಂದು ಕೇಳಲಿ. ಚರ್ಚಿಗೆ ಹೋದೆಯಾ ಎಂಬ ಪ್ರಶ್ನೆಯನ್ನು ಎರಡನೆಯ ಫೋನಿಗೆ ಇಟ್ಟುಕೊಂಡರೂ ನಡೆಯುತ್ತದೆ.