ಕುದುರೆಗೆ ಅನುದಾನ ಇದೆ, ಕೂರೋದಕ್ಕೆ ಇಲ್ಲ

ಸರ್ಕಾರದ ಹತ್ತಿರ ಕುದುರೆಗೆ ದುಡ್ಡಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದೆ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಜಾನುವಾರು ಮಿಷನ್‌ಗೆ ಕುದುರೆ, ಕತ್ತೆ, ಹೇಸರಗತ್ತೆ, ಒಂಟೆ ನಾಲ್ಕನ್ನೂ ಸೇರಿಸಿತು. ಬಂಡವಾಳದಲ್ಲಿ ಶೇ 50 ಸಬ್ಸಿಡಿ, ಗರಿಷ್ಠ 50 ಲಕ್ಷ ರೂಪಾಯಿ. ಸಂಘ ಸಂಸ್ಥೆಯೇ ಆಗಬೇಕು ಅಂತಿಲ್ಲ, ಒಬ್ಬನೇ ಅರ್ಜಿ ಹಾಕಿದರೂ ನಡೆಯುತ್ತದೆ. ಇದನ್ನು ಓದಿದ ಕೂಡಲೇ ನಮ್ಮ ರಾವುತನ ಕಿವಿ ನೆಟ್ಟಗಾದವು.

ರಾವುತ ಅಂದರೆ ನಮ್ಮ ಗೆಳೆಯ. ಅವನಿಗೂ ಒಂದು ಹೆಸರಿದೆ, ಆದರೆ ಅರ್ಜಿ ಫಾರಂ ಬಿಟ್ಟರೆ ಬೇರೆಲ್ಲೂ ಅದು ಬಳಕೆಯಲ್ಲಿಲ್ಲ. ಅಜ್ಜ ಹುಬ್ಬಳ್ಳಿ ಸ್ಟೇಷನ್ ಮುಂದೆ ಟಾಂಗಾ ಹೊಡೆದವರು. ಮೊಮ್ಮಗನಿಗೆ ಧಾರವಾಡದ ಆಚೆ, ಕಲಘಟಗಿ ರಸ್ತೆ ಕಡೆ ಒಂದು ತಗಡಿನ ಲಾಯ, ನಾಲ್ಕು ಕುದುರೆ. ಲಗ್ನದ ಸೀಸನ್‌ನಲ್ಲಿ ಅವು ಮದುಮಗನನ್ನು ಹೊತ್ತು ಡಿಜೆ ಹಿಂದೆ ಹೆಜ್ಜೆ ಹಾಕುತ್ತವೆ. ಉಳಿದ ದಿನ ಬೆಳಿಗ್ಗೆ ಅಕ್ಕಪಕ್ಕದ ಬಡಾವಣೆಯ ಮಕ್ಕಳಿಗೆ ಇವನು ಸವಾರಿ ಕಲಿಸುತ್ತಾನೆ. ಜೀನು ಹೊಲಿಗೆ ಬಿಟ್ಟಿದೆ. ರಿಕಾಪು ಒಂದು ಮೇಲೆ, ಒಂದು ಕೆಳಗೆ. ಸುತ್ತ ಕಟಾಂಜನ ಹಾಕಿಸಿ, ನೆಲಕ್ಕೆ ಮರಳು ಹಾಸಿ, ಮಕ್ಕಳ ತಲೆಗೆ ಒಳ್ಳೆ ಹೆಲ್ಮೆಟ್ ತಂದು ಸರಿಯಾದ ಒಂದು ಸವಾರಿ ಕೇಂದ್ರ ಮಾಡಬೇಕು ಅನ್ನುವುದು ಅವನ ಆಸೆ. ಇದೇನು ಚಂದ್ರಲೋಕದ ಆಸೆಯಲ್ಲ, ಅಲ್ವಾ?

ಕಡತ ಹಿಡಿದು ಒಂದು ಕಚೇರಿಗೆ ಹೋದೆವು. ಅಲ್ಲಿದ್ದವರು ಒಳ್ಳೆಯ ಮನುಷ್ಯ. ಕೂಡ್ರಿಸಿದರು, ಚಹಾ ತರಿಸಿದರು, ಕುದುರೆಗಳ ಫೋಟೊ ನೋಡಿ ಖುಷಿಪಟ್ಟರು. ಆಮೇಲೆ ಕೇಳಿದರು: "ಇವು ಮರಿ ಹಾಕ್ತಾವೇನ್ರಿ?"

"ಮೂರು ಬೀಜ ಒಡೆಸಿದವು ಅದಾವ್ರಿ ಸಾಹೇಬ್ರ. ನಾಲ್ಕನೇದು ಹೆಣ್ಣು ಖರೆ, ಆದ್ರ ಅದು ಅಜ್ಜಿ ಆಗ್ಯದ."

"ಹಂಗಾರ ಬರೂದಿಲ್ರಿ. ಇದು ತಳಿ ಅಭಿವೃದ್ಧಿ ಯೋಜನಾ. ಹುಟ್ಟಸೂದಕ್ಕ ರೊಕ್ಕ ಅದ, ಹತ್ತೂದಕ್ಕಿಲ್ಲ."

ಅವರ ತಪ್ಪೇನೂ ಇಲ್ಲ, ಯೋಜನೆ ಇರುವುದೇ ಹಾಗೆ. ದೇಶದಲ್ಲಿ 2012ರಲ್ಲಿ ಸುಮಾರು 6.25 ಲಕ್ಷ ಕುದುರೆಗಳಿದ್ದವು. 2019ರ ಜಾನುವಾರು ಗಣತಿ ಹೊತ್ತಿಗೆ 3.4 ಲಕ್ಷಕ್ಕೆ ಇಳಿದಿದ್ದವು. ಸರ್ಕಾರಕ್ಕೆ ಗಾಬರಿಯಾಯಿತು, ಇನ್ನಷ್ಟು ಮರಿ ಹಾಕಿಸಿ ಅಂತ ದುಡ್ಡು ತೆಗೆದಿಟ್ಟಿತು. ಮೇಲೆ ಕೂರುವವರಿಲ್ಲದೆ, ಟಾಂಗಾ ಇಲ್ಲದೆ ಕುದುರೆ ಕಡಿಮೆಯಾದವು ಅನ್ನುವುದು ಲಾಯದಲ್ಲಿ ಲದ್ದಿ ಬಳಿಯುವ ಹುಡುಗನಿಗೂ ಗೊತ್ತು. ಹುಟ್ಟಿದ ಮರಿ ದೊಡ್ಡದಾದ ಮೇಲೆ ಏನು ಮಾಡಬೇಕು? ಅದಕ್ಕೆ ಮಾರ್ಗಸೂಚಿ ಬಂದಿಲ್ಲ. ಲದ್ದಿ ಅಂದಾಗ ನೆನಪಾಯಿತು, ಸಗಣಿಗೂ ಒಂದು ಯೋಜನೆ ಇದೆ. ಗೋಬರ್‌ಧನ್ ಅಂತ, 2018ರಿಂದ. ಅಂದರೆ ಪ್ರಾಣಿ ಹುಟ್ಟುವಾಗ ಒಂದು ಯೋಜನೆ, ಅದರ ಹಿಂದುಗಡೆ ಒಂದು ಯೋಜನೆ. ನಡುವೆ ಇರುವ ಬೆನ್ನು ಮಾತ್ರ ಯಾರ ವ್ಯಾಪ್ತಿಗೂ ಬರುವುದಿಲ್ಲ.

ತೆರಿಗೆಯವರ ಲೆಕ್ಕ ಇನ್ನೂ ಮಜಾ. ಜೀವಂತ ಎಮ್ಮೆ ಕೊಂಡರೆ ಜಿಎಸ್‌ಟಿ ಇಲ್ಲ, ಕುರಿ ಕೊಂಡರೂ ಇಲ್ಲ. ಜೀವಂತ ಕುದುರೆಗೆ ಶೇ 12 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ 5 ಆಗಿದೆ, ಪುಣ್ಯಕ್ಕೆ. ಸಬ್ಸಿಡಿ ಕೊಡುವಾಗ ಕುದುರೆ ಜಾನುವಾರು, ತೆರಿಗೆ ಎತ್ತುವಾಗ ಶೋಕಿ.

ಜಾನುವಾರು ಬೇಡ, ಕ್ರೀಡೆ ಅಂತ ಹೋಗೋಣ ಅಂದ ರಾವುತ. ಕುದುರೆ ಸವಾರಿ 1912ರಿಂದ ಒಲಿಂಪಿಕ್ಸ್‌ನಲ್ಲಿದೆ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ತಂದರು, ಟೋಕಿಯೊ ಒಲಿಂಪಿಕ್ಸ್‌ಗೂ ಹೋದರು. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ತಂಡ ಡ್ರೆಸಾಜ್‌ನಲ್ಲಿ, ಅಂದರೆ ಕುದುರೆಯನ್ನು ತಾಳಬದ್ಧವಾಗಿ ನಡೆಸುವ ಸ್ಪರ್ಧೆಯಲ್ಲಿ, ಚಿನ್ನ ಗೆದ್ದಿತು. ಕುದುರೆ ಸವಾರಿಯಲ್ಲಿ ದೇಶಕ್ಕೆ ಅಂಥ ಚಿನ್ನ ಬಂದು 41 ವರ್ಷ ಆಗಿತ್ತು. ಗೆದ್ದ ನಾಲ್ವರೂ ತಯಾರಾಗಿದ್ದು ಯುರೋಪಿನಲ್ಲಿ. ಇಷ್ಟನ್ನೂ ರಾವುತ ಬಾಯಿಪಾಠ ಮಾಡಿಕೊಂಡು ಹೋಗಿದ್ದ. ಎದುರಿನವರು ಪೂರ್ತಿ ಕೇಳಿಸಿಕೊಂಡು, "ಭಾಳ ಚಲೋ. ನಿಮ್ಮ ಕೇಂದ್ರದಾಗ ರಾಷ್ಟ್ರ ಮಟ್ಟದ ಪದಕ ಎಷ್ಟು ಬಂದಾವ್ರಿ?" ಅಂದರು. ಕೇಂದ್ರ ಇನ್ನೂ ಕಟ್ಟಬೇಕು ಅಂದಿದ್ದಕ್ಕೆ, "ಪದಕ ಬಂದ ಮ್ಯಾಲೆ ಬರ್ರಿ, ನೋಡೂಣು" ಅಂತ ಕಳಿಸಿದರು.

ಕಂಪನಿಗಳ ಸಿಎಸ್‌ಆರ್ ದುಡ್ಡು ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2 ಸಮಾಜಕ್ಕೆ ಖರ್ಚು ಮಾಡಬೇಕು. ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಆ ಪಟ್ಟಿಯಲ್ಲಿದೆ. ಆದರೆ ದುಡ್ಡು ಪಡೆಯುವ ಸಂಸ್ಥೆಗೆ ಆದಾಯ ತೆರಿಗೆಯವರ 12ಎ ಬೇಕು, 80ಜಿ ಬೇಕು, ಕಂಪನಿ ವ್ಯವಹಾರ ಸಚಿವಾಲಯದ ಸಿಎಸ್‌ಆರ್-1 ನೋಂದಣಿ ಬೇಕು. ಜೊತೆಗೆ ಅದೇ ಥರದ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವವೂ ಇರಬೇಕು. ಕೇಂದ್ರ ನಡೆಸಲು ದುಡ್ಡು ಬೇಕು, ದುಡ್ಡು ಸಿಗಲು ಮೂರು ವರ್ಷ ಕೇಂದ್ರ ನಡೆಸಿರಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಆ ಮದುವೆಗೂ ಮೆರವಣಿಗೆಗೆ ಇವನ ಕುದುರೆಯೇ ಹೋಗಬೇಕು ಅನ್ನಿ.

ಇಷ್ಟರಲ್ಲಿ ಕುದುರೆಗಳು ಸುಮ್ನೆ ಕೂತಿರುವುದಿಲ್ಲ. ಒಂದೊಂದೂ ದಿನಕ್ಕೆ ಎಂಟು ಹತ್ತು ಕೆಜಿ ಮೇವು ಎಳೆಯುತ್ತದೆ, ಮೇಲೆ ನೆನೆಸಿದ ಹುರುಳಿ, ಬೂಸಾ. ಬೇಸಿಗೆಯಲ್ಲಿ ನಲವತ್ತು ಲೀಟರ್ ನೀರೂ ಸಾಲದು. ಆರೆಂಟು ವಾರಕ್ಕೊಮ್ಮೆ ಗೊರಸು ಕೆತ್ತಿ ಲಾಳ ಬದಲಿಸಬೇಕು. ಕಡತ ಒಂದು ಟೇಬಲ್ಲಿನಿಂದ ಪಕ್ಕದ ಟೇಬಲ್ಲಿಗೆ ಹೋಗುವಷ್ಟರಲ್ಲಿ ಒಂದು ಜೊತೆ ಲಾಳ ಸವೆದಿರುತ್ತವೆ. ನಮ್ಮೂರಲ್ಲಿ ಯಾವ ತಕರಾರೂ ಇಲ್ಲದೆ ಎಲ್ಲರೂ ಒಪ್ಪಿಕೊಂಡ ಕುದುರೆ ಅಂದರೆ ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್‌ನಲ್ಲಿ ರಾಣಿಯನ್ನು ಹೊತ್ತು ನಿಂತಿರುವುದು. ಅದು ಹುರುಳಿ ಕೇಳುವುದಿಲ್ಲ, ಲದ್ದಿ ಹಾಕುವುದಿಲ್ಲ, ಅನುದಾನ ಎಲ್ಲಿ ಖರ್ಚಾಯಿತು ಅನ್ನುವ ಯುಟಿಲೈಸೇಷನ್ ಸರ್ಟಿಫಿಕೇಟನ್ನೂ ಕೊಡಬೇಕಾಗಿಲ್ಲ.

ಕೊನೆಗೆ ಯಾರೋ ಒಬ್ಬ ಕನ್ಸಲ್ಟಂಟ್ ವಿಳಾಸ ಕೊಟ್ಟರು. ಝೆರಾಕ್ಸ್ ಅಂಗಡಿ ಮೇಲಿನ ಮಹಡಿ, ಎಸಿ ರೂಮು, ಗೋಡೆಗೆ ವಿಧಾನಸೌಧದ ಫೋಟೊ. ಪ್ರಾಜೆಕ್ಟ್ ರಿಪೋರ್ಟ್ ಅವರೇ ಬರೆದುಕೊಡುತ್ತಾರೆ. ವಾರದೊಳಗೆ ಸ್ಪೈರಲ್ ಬೈಂಡಿಂಗ್ ಆಗಿ ಕೈಗೆ ಬಂತು. ಮಹಿಳಾ ಸಬಲೀಕರಣ, ಹವಾಮಾನ ಬದಲಾವಣೆ, ಕೃತಕ ಬುದ್ಧಿಮತ್ತೆ ಎಲ್ಲವೂ ಇತ್ತು. ಪುಟ ತಿರುಗಿಸುತ್ತಿದ್ದ ರಾವುತ ಒಂದು ಕಡೆ ನಿಂತ. "ಪ್ರತಿ ಹೆಣ್ಣು ಕುದುರೆಯಿಂದ ಎರಡು ವರ್ಷಕ್ಕೆ ಮೂರು ಸೂಲು, ಸೂಲಿಗೆ ಎರಡು ಮರಿ" ಅಂತ ಬರೆದಿತ್ತು. ಕುದುರೆಗೆ ಹನ್ನೊಂದು ತಿಂಗಳು ಗರ್ಭ, ಸಾಮಾನ್ಯವಾಗಿ ಒಂದೇ ಮರಿ. ಮುಂದಿನ ಪುಟದಲ್ಲಿ ಮಾಂಸ ಮತ್ತು ಚರ್ಮ ಮಾರಾಟದಿಂದ ಬರುವ ಆದಾಯದ ಲೆಕ್ಕ. ಕೇಳಿದರೆ ಕನ್ಸಲ್ಟಂಟ್ ಒಂಚೂರೂ ಬೆಚ್ಚಲಿಲ್ಲ. "ಅದು ಗದಗ ಕಡೆ ಪಾರ್ಟಿಯ ಆಡಿನ ಫಾರ್ಮಿಂದು ಸರ್. ಆಡು ತೆಗದು ಕುದುರಿ ಹಾಕೇನಿ. ಅದು ಸ್ಯಾಂಕ್ಷನ್ ಆದ ಫಾರ್ಮ್ಯಾಟ್, ಮುಟ್ಟಾಕ ಹೋಗಬ್ಯಾಡ್ರಿ."

ಆಮೇಲೆ ದನಿ ಇಳಿಸಿ ಒಂದು ಉಪಾಯ ಹೇಳಿದರು. "ಕುದುರಿ ಬಿಡ್ರಿ. ಅದ ಯೋಜನಾದಾಗ ಕತ್ತಿನೂ ಅದ. ಗಣತ್ಯಾಗ ಕತ್ತಿ ಶೇ 61 ಇಳದಾವು, ಕುದುರಿಗಿಂತ ಜಾಸ್ತಿ. ಸಾಹೇಬ್ರಿಗೆ ಕತ್ತಿ ಮ್ಯಾಲೆ ಕನಿಕರ ಬರ್ತದ. ಓಣಿ ಓಣಿಗೆ ಕತ್ತಿ ಹಾಲು ಮಾರವ್ರು ಬರ್ತಾರಲ್ರಿ, ಮಾರ್ಕೆಟ್ಟೂ ಅದ."

ರಾವುತ ಬೇಡ ಅನ್ನುವಷ್ಟರಲ್ಲಿ ಅವರ ಹುಡುಗ ಕಂಪ್ಯೂಟರಿನಲ್ಲಿ ಎಲ್ಲ ಕುದುರೆಗಳನ್ನೂ ಒಂದೇ ಸಲಕ್ಕೆ ಕತ್ತೆ ಮಾಡಿ, ಪೋರ್ಟಲ್‌ಗೆ ಏರಿಸಿಬಿಟ್ಟಿದ್ದ. "ಧಾರವಾಡದ ಮಕ್ಕಳು ಕತ್ತೆ ಸವಾರಿಯಲ್ಲಿ ಒಲಿಂಪಿಕ್ಸ್ ಪದಕ ತರುವ ಗುರಿ ಹೊಂದಲಾಗಿದೆ" ಅನ್ನುವ ಸಾಲೂ ಹಾಗೇ ಹೋಯಿತು. ಹೋದ ವಾರ ಅದಕ್ಕೆ ಉತ್ತರ ಬಂದಿದೆ. ಪದಕದ ಬಗ್ಗೆ ಯಾರೂ ಏನೂ ಕೇಳಿಲ್ಲ. ಸೂಲು, ಮಾಂಸ, ಚರ್ಮದ ಬಗ್ಗೆಯೂ ಇಲ್ಲ. ಆಕ್ಷೇಪಣೆ ಇರುವುದು ಒಂದೇ: ಜಮೀನಿನ ಉತಾರ ಹಳೆಯದಾಗಿದೆ, ಹೊಸದನ್ನು ಲಗತ್ತಿಸಿ. ಉಳಿದೆಲ್ಲವೂ ಕ್ರಮಬದ್ಧವಾಗಿದೆಯಂತೆ.