ಶೂಗೆ ತಿರುಗಣೆ ಬೇಕಾ, ಪಟ್ಟಿ ಸಾಕಾ?

ತಂಗಿಯ ಮಗ ಹೊಸ ರೋಡ್ ಬೈಕ್ ತಗೊಂಡಿದ್ದಾನೆ. ಕ್ಲೀಟ್ (ಶೂ ಅಡಿಗೆ ಕೂರಿಸುವ, ಪೆಡಲ್ ಕಚ್ಚಿಕೊಳ್ಳುವ ತುಂಡು) ಸಿಕ್ಕಿಸುವ ಪೆಡಲ್ ಹಾಕಿಸಿಯೂ ಆಯಿತು, ಈಗ ಶೂ ಹುಡುಕಾಟ. ಮೊನ್ನೆ ರಾತ್ರಿ ಹನ್ನೊಂದು ಗಂಟೆಗೆ ಮೂರು ಫೋಟೋ ಕಳಿಸಿದ. ಒಂದು ಲೇಸ್ ಕಟ್ಟುವುದು, ಒಂದು ವೆಲ್ಕ್ರೋ ಪಟ್ಟಿಯದು, ಇನ್ನೊಂದು ತಿರುಗಿಸಿದರೆ ತಂತಿ ಎಳೆದು ಬಿಗಿಯುವ ಡಯಲ್ ಇರುವುದು. ಕೆಳಗೆ, "ದೊಡ್ಡಮ್ಮ, ಡಯಲ್‌ದೇ ಬೆಸ್ಟ್ ಅಲ್ವಾ? ಎಲ್ರೂ ಅದನ್ನೇ ಹಾಕ್ತಾರೆ" ಅಂತ ಬೇರೆ. ಉತ್ತರವನ್ನೂ ಪ್ರಶ್ನೆಯಲ್ಲೇ ಇಟ್ಟು ಕಳಿಸುವ ಹುಡುಗ. ವಾಟ್ಸಾಪ್‌ನಲ್ಲಿ ಉದ್ದಕ್ಕೆ ಬರೆದರೆ ಓದಲ್ಲ. ಇಲ್ಲಿ ಬರೆದರೆ ಅವನ ಅಮ್ಮನಾದರೂ ಓದಿ ಹೇಳುತ್ತಾಳೆ.

ನನ್ನ ಮಾತು ಇಷ್ಟೇ: ವೆಲ್ಕ್ರೋ ತಗೋ. ದುಡ್ಡು ಉಳಿಯುತ್ತೆ ಅಂತ ಅಲ್ಲ, ಉಳಿಯುವುದೂ ನಿಜ. ನಮ್ಮ ಊರಿನ ಧೂಳು, ಮಳೆ, ಸಿಗ್ನಲ್ಲು, ನಿಂತು ನಿಂತು ಹೋಗುವ ಸವಾರಿಗೆ ಮೂರು ಪಟ್ಟಿಯ ಶೂ ಸರಿ ಅಂತ ನನಗೆ ಅನ್ನಿಸಿದ್ದು ಒಂದು ಸಲ ಬಿದ್ದ ಮೇಲೆ.

ಎರಡು ವರ್ಷದ ಹಿಂದೆ ನನ್ನ ಹತ್ತಿರವೂ ಡಯಲ್ ಶೂ ಇತ್ತು. ದೊಡ್ಡ ಕಂಪನಿಯದಲ್ಲ, ನೋಡಲು ಅದರ ಹಾಗೇ ಇರುವ ಅಗ್ಗದ್ದು. ಹೆಸರು ಬೇಡ ಬಿಡಿ. ಭಾನುವಾರ ನಾಲ್ಕೂವರೆಗೆ ಮನೆ ಬಿಟ್ಟು, ಹೆಬ್ಬಾಳ ದಾಟಿ, ಏರ್‌ಪೋರ್ಟ್ ರಸ್ತೆ ಹಿಡಿದು ನಂದಿ ಕಡೆಗೆ ಹೊರಟಿದ್ದೆ. ದೇವನಹಳ್ಳಿ ಆದ ಮೇಲೆ ಬಲಗಾಲು ಸ್ವಲ್ಪ ಸಡಿಲ ಅನ್ನಿಸಿತು. ಬಗ್ಗಿ ಡಯಲ್ ತಿರುಗಿಸಿದೆ. ಟಿಕ್, ಟಿಕ್, ಟಿಕ್, ಆಮೇಲೆ ಟಕ್. ಅಷ್ಟೇ. ಅಲ್ಲಿಂದ ಮುಂದೆ ಅದು ಹಳೇ ರೇಡಿಯೋದ ಟ್ಯೂನರ್ ಥರ ಸುಮ್ನೆ ಸುತ್ತುತ್ತಿತ್ತು. ತಂತಿ ಬಿಗಿಯಾಗಲೇ ಇಲ್ಲ.

ಸಡಿಲ ಶೂ ಅಂದರೆ ಸ್ವಲ್ಪ ಕಿರಿಕಿರಿ ಆಗಬಹುದು ಅಂದುಕೊಂಡಿದ್ದೆ. ಅಸಲಿ ತೊಂದರೆ ನಿಲ್ಲಿಸುವಾಗ ಗೊತ್ತಾಯಿತು. ಕ್ಲೀಟ್ ಬಿಡಿಸಲು ಹಿಮ್ಮಡಿಯನ್ನು ಹೊರಗೆ ತಿರುಗಿಸಬೇಕು, ಅಲ್ವಾ? ಶೂ ಬಿಗಿಯಾಗಿದ್ದರೆ ಕಾಲಿನ ಜೊತೆ ಶೂನೂ ತಿರುಗುತ್ತೆ. ಸಡಿಲವಾಗಿದ್ದರೆ ಕಾಲು ಮಾತ್ರ ಒಳಗೆ ತಿರುಗುತ್ತೆ, ಶೂ ಪೆಡಲ್ ಕಚ್ಚಿಕೊಂಡು ಅಲ್ಲೇ ಕೂತಿರುತ್ತೆ. ಟೀ ಅಂಗಡಿ ಮುಂದೆ ಬ್ರೇಕ್ ಹಿಡಿದೆ, ಬಲಗಾಲು ಬರಲಿಲ್ಲ, ನಿಂತ ಜಾಗದಲ್ಲೇ ಅಕ್ಕಿ ಮೂಟೆ ಥರ ಬಲಕ್ಕೆ ಒರಗಿಬಿಟ್ಟೆ. ಮೊಣಕೈ ತರಚಿತು. ಹತ್ತು ಜನ ನೋಡಿದರು, ಅದು ಜಾಸ್ತಿ ಉರಿಯಿತು.

ಅಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಟಿವಿಎಸ್ ಮೇಲೆ ಬಂದಿದ್ದವರೊಬ್ಬರು ಎಬ್ಬಿಸಿದರು. "ಏನಕ್ಕಾ, ಶೂ ಬಾಯಿ ಬಿಟ್ಕೊಂಡಿದೆ?" ಅಂದವರೇ ಕ್ಯಾನಿಗೆ ಸುತ್ತಿದ್ದ ಟ್ಯೂಬ್ ರಬ್ಬರ್ ಒಂದು ಬಿಚ್ಚಿದರು. ಶೂ ಮೇಲಿಂದ, ಸೋಲ್ ಕೆಳಗಿಂದ, ಕ್ಲೀಟ್‌ಗೆ ತಾಗದ ಹಾಗೆ ಎರಡು ಸುತ್ತು ಬಿಗಿದು ಕೊಟ್ಟರು. ನಂದಿ ಬೆಟ್ಟದ ಕನಸು ಅಲ್ಲಿಗೇ ಬಿಟ್ಟು ಆ ರಬ್ಬರ್ ನಂಬಿಕೊಂಡು ಮನೆಗೆ ಬಂದೆ.

ಇದನ್ನು ಓದಿ ಡಯಲ್ ಅಂದರೇ ಕೆಟ್ಟದ್ದು ಅನ್ನಬೇಡಿ. ಒಳ್ಳೆಯ ಡಯಲ್ ನಿಜಕ್ಕೂ ಜಾಣ ಕೆಲಸ. ಬೋವಾ ಅಂತ ಒಂದು ಕಂಪನಿ ಇದೆಯಲ್ಲ, ಅವರು 2001ರಲ್ಲಿ ಇದನ್ನು ಮೊದಲು ಹಿಮದಲ್ಲಿ ಜಾರುವ ಸ್ನೋಬೋರ್ಡ್ ಬೂಟಿಗೆ ತಂದರು. ಚಳಿಯಲ್ಲಿ ದಪ್ಪ ಗ್ಲೌಸ್ ಹಾಕಿಕೊಂಡು ಲೇಸ್ ಕಟ್ಟುವ ಕಷ್ಟ ನೆನೆಸಿಕೊಳ್ಳಿ. ಸೈಕಲ್ ಶೂಗೆ ಬಂದದ್ದು ಆಮೇಲೆ. ಒಳಗೆ ಸಣ್ಣ ರಾಟೆ ಇರುತ್ತೆ, ತಿರುಗಿಸಿದಷ್ಟೂ ತೆಳು ತಂತಿ ಸುತ್ತಿಕೊಳ್ಳುತ್ತೆ. ಇದರಲ್ಲೂ ಎರಡು ಥರ. ಕೆಲವದರಲ್ಲಿ ಬಿಗಿ ಮಾತ್ರ ಒಂದೊಂದೇ ಕ್ಲಿಕ್, ಸಡಿಲಿಸಬೇಕಾದರೆ ಮೇಲಕ್ಕೆ ಎಳೆದು ಪೂರ್ತಿ ಬಿಡಬೇಕು. ಇನ್ನು ಕೆಲವದರಲ್ಲಿ ಎರಡೂ ಕಡೆ ಕ್ಲಿಕ್ ಕ್ಲಿಕ್ ಅಂತ ಹೋಗುತ್ತೆ. ಡಯಲ್ಲೇ ಬೇಕು ಅಂದರೆ ಎರಡನೆಯದನ್ನೇ ನೋಡು ಮಗು. ಏರು ಹತ್ತುವಾಗ ಬಿಗಿ, ಸಪಾಟು ಬಂದಾಗ ಎರಡು ಕ್ಲಿಕ್ ಸಡಿಲ, ಸೈಕಲ್ ನಿಲ್ಲಿಸಬೇಕಿಲ್ಲ. ರೇಸ್ ಮಾಡುವವರು ಇದಕ್ಕೆ ಮನಸೋತಿದ್ದರೆ ತಪ್ಪಿಲ್ಲ. ಅಸಲಿ ಬೋವಾ ಡಯಲ್ಲಿಗೆ, ತಂತಿಗೆ ಶೂ ಬಾಳುವಷ್ಟು ದಿನ ಗ್ಯಾರಂಟಿನೂ ಇದೆ. ಆದರೆ ಆ ಗ್ಯಾರಂಟಿ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ದೇವನಹಳ್ಳಿಗೆ ಬರಲ್ಲ.

ಲೇಸ್ ವಿಷಯ ಬೇಗ ಮುಗಿಸುತ್ತೇನೆ. ಚೆಂದ ಅಂದರೆ ಅದೇ. ಕಾಲಿನ ಉದ್ದಕ್ಕೂ ಸಮವಾಗಿ ಹಿಡಿಯುತ್ತೆ, ಹಗುರ, ಹರಿದರೆ ಯಾವ ಬೀದಿಯಲ್ಲಾದರೂ ಹೊಸದು ಸಿಗುತ್ತೆ. ಆದರೆ ಸವಾರಿ ನಡುವೆ ಸರಿಮಾಡಲು ಆಗಲ್ಲ. ಬಲಗಾಲಿನ ತುದಿ ಬಿಚ್ಚಿಕೊಂಡರೆ ನೇರ ಚೈನ್ ಬಾಯಿಗೆ. ತುದಿ ಸಿಕ್ಕಿಸಲು ಶೂ ನಾಲಿಗೆ ಮೇಲೆ ಎಲಾಸ್ಟಿಕ್ ಇದೆಯಾ ನೋಡದೆ ಲೇಸ್ ಶೂ ತಗೋಬೇಡಿ.

ಈಗ ವೆಲ್ಕ್ರೋ. ಹೊಲದ ಬದುವಿನಲ್ಲಿ ನಡೆದು ಬಂದವರಿಗೆ ಇದರ ಗುಟ್ಟು ಗೊತ್ತು. ಪಂಚೆಗೆ, ಸೀರೆಯ ಅಂಚಿಗೆ ಉತ್ತರಾಣಿ ಕಚ್ಚಿಕೊಂಡು ಬರುತ್ತಲ್ಲ, ಅದೇ ಲೆಕ್ಕ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಲ್ 1941ರಲ್ಲಿ ಸುತ್ತಾಡಿ ಬಂದಾಗ ನಾಯಿಯ ಕೂದಲಿಗೆ ಅಂಥದೇ ಮುಳ್ಳುಕಾಯಿ ಅಂಟಿತ್ತು. ನಾವಾದರೆ ಬೈದುಕೊಂಡು ಕೀಳುತ್ತೇವೆ. ಆ ಪುಣ್ಯಾತ್ಮ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದ. ತುದಿಯಲ್ಲಿ ಪುಟ್ಟ ಪುಟ್ಟ ಕೊಕ್ಕೆ ಕಂಡವು. 1955ರಲ್ಲಿ ಪೇಟೆಂಟ್ ಸಿಕ್ಕಿತು. ಒಂದು ಪಟ್ಟಿಯಲ್ಲಿ ಕೊಕ್ಕೆ, ಇನ್ನೊಂದರಲ್ಲಿ ಕುಣಿಕೆ, ಇಷ್ಟೇ. ಒಳಗೆ ಮುರಿಯಲು ಹಲ್ಲಿಲ್ಲ, ಕಿತ್ತುಹೋಗಲು ತಂತಿಯಿಲ್ಲ.

ನನಗೆ ಇದು ಇಷ್ಟವಾಗಲು ಇನ್ನೊಂದು ಕಾರಣ ಕಾಲು ಊದುವುದು. ಮೂರು ಗಂಟೆ ಬಿಸಿಲಲ್ಲಿ ತುಳಿದರೆ ಬೆರಳ ಬುಡದ ಹತ್ತಿರ ಪಾದ ಊದುತ್ತೆ. ಶೂ ಅಲ್ಲಿ ಒತ್ತಿದರೆ ಮೊದಲು ಬಿಸಿ, ಆಮೇಲೆ ಜೋಮು, ಆಮೇಲೆ ಸೂಜಿ ಚುಚ್ಚಿದ ಹಾಗೆ. ಒಂದೇ ಡಯಲ್ ಇರುವ ಶೂನಲ್ಲಿ ತಂತಿ ಪೂರ್ತಿ ಒಟ್ಟಿಗೆ ಬಿಗಿಯಾಗುತ್ತೆ, ಬೆರಳ ಹತ್ತಿರ ಮಾತ್ರ ಬಿಡು ಅಂದರೆ ಕೇಳಲ್ಲ. ಮೂರು ಪಟ್ಟಿ ಇದ್ದರೆ ಕೆಳಗಿನದನ್ನು ಬಗ್ಗಿ ಚರ್ ಅಂತ ಕಿತ್ತು ಒಂದು ಬೆರಳಷ್ಟು ಹಿಂದೆ ಅಂಟಿಸಿದರೆ ಆಯಿತು. ಮೇಲಿನದು ಬಿಗಿಯಾಗೇ ಇರುತ್ತೆ, ಹಿಮ್ಮಡಿ ಏಳಲ್ಲ, ಕ್ಲೀಟ್ ಹೇಳಿದ ಮಾತು ಕೇಳುತ್ತೆ. 200 ಕಿಲೋಮೀಟರ್ ಬ್ರೆವೆಟ್ (ಗೊತ್ತಾದ ಹೊತ್ತಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಮುಗಿಸಲು ಹದಿಮೂರೂವರೆ ಗಂಟೆ ಕೊಡುತ್ತಾರೆ. ಆ ಹೊತ್ತಿನಲ್ಲಿ ಕಾಲು ಎಷ್ಟು ಸಲ ಬದಲಾಗುತ್ತೆ ಅಂತ ಮಾಡಿದವರನ್ನೇ ಕೇಳಿ.

ಕೊರತೆ ಇಲ್ಲ ಅಂತ ನಾನೇನು ಹೇಳಲ್ಲ. ಧೂಳು ಕೊಕ್ಕೆಯೊಳಗೆ ಸೇರುತ್ತೆ, ಸಾಕ್ಸ್‌ನ ನೂಲೂ ಸೇರುತ್ತೆ. ಮಳೆಗಾಲದ ಕೆಮ್ಮಣ್ಣು ಒಣಗಿದರೆ ಪಟ್ಟಿ ಅರ್ಧಕ್ಕೇ ಎದ್ದು ನಿಲ್ಲುತ್ತೆ. ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಂಗಳಿಗೊಮ್ಮೆ ಉಜ್ಜಿದರೆ ಸಾಕು. ಪೂರ್ತಿ ಸತ್ತರೂ ಚಿಂತೆಯಿಲ್ಲ. ಚಿಕ್ಕಪೇಟೆಯಲ್ಲಿ ಟೈಲರಿಂಗ್ ಸಾಮಾನಿನ ಅಂಗಡಿಗೆ ಹೋದರೆ ಮೀಟರ್ ಲೆಕ್ಕದಲ್ಲಿ ಸಿಗುತ್ತೆ, ಫುಟ್‌ಪಾತ್ ಮೇಲೆ ಚಪ್ಪಲಿ ಹೊಲಿಯುವವರು ಹತ್ತು ನಿಮಿಷದಲ್ಲಿ ಹೊಲಿದು ಕೊಡುತ್ತಾರೆ. ಡಯಲ್ ತೋರಿಸಿದರೆ ಅವರೇ ನಿಮ್ಮ ಮುಖ ನೋಡುತ್ತಾರೆ.

ಇನ್ನೊಂದು ಮಾತು, ತಂಗಿಯ ಮಗನಿಗೆ ಮಾತ್ರ ಅಲ್ಲ, ಎಲ್ಲರಿಗೂ. ಮುಚ್ಚುವ ವಿಧಾನ ಆಮೇಲೆ, ಅಳತೆ ಮೊದಲು. ನಮ್ಮಲ್ಲಿ ತುಂಬಾ ಜನರ ಪಾದ ಮುಂದೆ ಅಗಲ. ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಓಡಾಡಿದವರದಂತೂ ಕೇಳಲೇಬೇಡಿ. ಇಕ್ಕಟ್ಟಾದ ಶೂಗೆ ಯಾವ ಡಯಲ್ ಹಾಕಿದರೂ ಇಕ್ಕಟ್ಟೇ. ಶಿಮಾನೊದಂಥ ಕಂಪನಿಗಳು ಕೆಲವು ಶೂಗಳನ್ನು ಅಗಲದ ಅಳತೆಯಲ್ಲೂ ಮಾಡುತ್ತವೆ, ಕೇಳಿ ನೋಡಿ. ಅಂಗಡಿಗೆ ಸಂಜೆ ಹೋಗಿ, ಅಷ್ಟೊತ್ತಿಗೆ ಕಾಲು ತನ್ನ ನಿಜವಾದ ಸೈಜ್‌ಗೆ ಬಂದಿರುತ್ತೆ. ಸೈಕಲ್‌ಗೆ ಹಾಕುವ ಸಾಕ್ಸ್ ಜೊತೆಗಿರಲಿ.

ಇಷ್ಟೆಲ್ಲ ಫೋನ್‌ನಲ್ಲೂ ಹೇಳಿದ್ದೆ. ನಿನ್ನೆ ಮೆಸೇಜ್ ಬಂತು: "ದೊಡ್ಡಮ್ಮ, ಡಯಲ್‌ದು ನೀಲಿ ಬಣ್ಣದಲ್ಲಿ ಸಿಕ್ತು, ತಗೊಂಡೆ." ಆಯಿತಪ್ಪ. ಎರಡೂ ಕಡೆ ಕ್ಲಿಕ್ ಆಗುತ್ತಾ ಅಂತ ಕೇಳಿದ್ದೇನೆ, ಇನ್ನೂ ನೀಲಿ ಟಿಕ್ ಬಂದಿಲ್ಲ.

ಅಂದಹಾಗೆ, ಮಲ್ಲೇಶ್ವರ, ರಾಜಾಜಿನಗರದ ಕಡೆ ವೆಲ್ಕ್ರೋ ಗಟ್ಟಿಯಾಗಿ ಹೊಲಿದು ಕೊಡುವವರು ಗೊತ್ತಿದ್ದರೆ ಹೇಳಿ. ನಮ್ಮ ರಸ್ತೆಯ ತುದಿಯಲ್ಲಿ ಕೂರುತ್ತಿದ್ದವರು ಊರಿಗೆ ಹೋಗಿ ಎರಡು ತಿಂಗಳಾಯಿತು, ನನ್ನ ಎಡಗಾಲಿನ ಕೆಳಗಿನ ಪಟ್ಟಿ ಯಾಕೋ ಮೂತಿ ತಿರುವುತ್ತಿದೆ.