ಅಪ್ಪಯ್ಯನ ಅನುಮತಿಯ ಮೇರೆಗೆ

ಉತ್ತರ ಕನ್ನಡದವರ ಕಾಯಿಲೆಗಳಿಗೆ ಅವುಗಳದೇ ಆದ ಭೂಗೋಳವಿದೆ. ಕಾಯಿಲೆ ಸ್ವಲ್ಪ ದೊಡ್ಡದೆನಿಸಿದರೆ ಕಾರವಾರದವರು ಗಡಿ ದಾಟಿ ಗೋವೆಗೆ ಹೋಗುತ್ತಾರೆ. ಹೊನ್ನಾವರ, ಭಟ್ಕಳದವರು ಮಣಿಪಾಲದ ಅಥವಾ ಮಂಗಳೂರಿನ ಬಸ್ಸು ಹತ್ತುತ್ತಾರೆ. ಮುಂಡಗೋಡದವರಿಗೆ ಹುಬ್ಬಳ್ಳಿ ಹತ್ತಿರ. ಶಿರಸಿಯವರಾದ ನಮಗೆ ಘಟ್ಟದ ಮೇಲೂ ಕೆಳಗೂ ಎಲ್ಲ ದಿಕ್ಕುಗಳು ತೆರೆದಿರುವುದರಿಂದ, ಯಾವ ದಿಕ್ಕಿಗೆ ಹೊರಡಬೇಕೆಂದು ಮನೆಯವರೆಲ್ಲ ಕುಳಿತು ತೀರ್ಮಾನಿಸುವಷ್ಟರಲ್ಲಿ ಅರ್ಧ ಕಾಯಿಲೆ ತಾನಾಗಿಯೇ ಇಳಿದಿರುತ್ತದೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜನ ದೊಡ್ಡ ದನಿಯಲ್ಲಿಯೇ ಕೇಳಿದ್ದರು. ಹೀಗೆ ಊರೂರು ತಿರುಗಿದ್ದರ ಫಲವಾಗಿ ಇಲ್ಲಿನ ಪ್ರತಿ ಮನೆಯಲ್ಲಿಯೂ ಮೂರ್ನಾಲ್ಕು ಊರುಗಳ ಆಸ್ಪತ್ರೆಯ ಕಾಗದಗಳು ಒಂದೇ ಕೈಚೀಲದಲ್ಲಿ ಸಂಸಾರ ಮಾಡುತ್ತಿರುತ್ತವೆ.

ನಮ್ಮ ಮನೆಯ ಚೀಲ ಜವಳಿ ಅಂಗಡಿಯದು. ಅದರಲ್ಲಿ ಅಪ್ಪಯ್ಯನ ಎಕ್ಸ್‌ರೇಗಳು, ಬಣ್ಣ ಮಾಸಿ ಬರೀ ಗುಲಾಬಿ ಚೌಕಳಿಯಾಗಿ ಉಳಿದಿರುವ ಇಸಿಜಿ ಪಟ್ಟಿ, ಅಡಿಕೆ ಸೊಸೈಟಿಯ ರಸೀದಿ, ಯಾರದೋ ಮದುವೆಯ ಕರೆಯೋಲೆ ಎಲ್ಲವೂ ಇವೆ. ಕರೆಯೋಲೆಯನ್ನು ಎಸೆಯುವಂತಿಲ್ಲ; ಅದರ ಬೆನ್ನಿನ ಮೇಲೆ ಆಯಿ ಒಂದು ಇಡೀ ಮಳೆಗಾಲದ ರಕ್ತದೊತ್ತಡದ ಅಂಕಿಗಳನ್ನು ಬರೆದಿಟ್ಟಿದ್ದಾಳೆ. ಆದ್ದರಿಂದ 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇಡೀ ದೇಶಕ್ಕೆ ವಿಸ್ತರಣೆಯಾಗಿ, ಪ್ರತಿಯೊಬ್ಬನಿಗೂ ಹದಿನಾಲ್ಕು ಅಂಕಿಗಳ ಆಭಾ ಸಂಖ್ಯೆ ಸಿಗುತ್ತದೆ, ಅದರ ಮೂಲಕ ವೈದ್ಯಕೀಯ ದಾಖಲೆಗಳನ್ನೆಲ್ಲ ಮೊಬೈಲಿನಲ್ಲಿಯೇ ನೋಡಬಹುದು ಎಂದಾಗ ನನಗಾದ ಸಂತೋಷ ಸಣ್ಣದಲ್ಲ. ಆಯಿಗೂ ಸಂತೋಷವಾಗಿತ್ತು, ಆದರೆ ಅವಳು ಇದನ್ನು ಆಸ್ಪತ್ರೆಯ ಖರ್ಚು ಕೊಡುವ ಆಯುಷ್ಮಾನ್ ಕಾರ್ಡೆಂದು ತಿಳಿದಿದ್ದಳು. ಇದು ಬಿಲ್ಲು ಕಟ್ಟುವುದಿಲ್ಲ, ಕಾಗದವನ್ನಷ್ಟೇ ತೋರಿಸುತ್ತದೆ ಎಂದು ತಿಳಿದ ಮೇಲೆ ಆ ಸಂತೋಷವನ್ನು ಹಿಂದಕ್ಕೆ ಪಡೆದಳು.

ಆಭಾ ಮಾಡಿಸಲು ಆಧಾರಿಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರಬೇಕು. ಅಪ್ಪಯ್ಯನ ಆಧಾರಿಗೆ ಜೋಡಣೆಯಾಗಿರುವುದು ಅವನ ಹಳೆಯ ಗುಂಡಿ ಮೊಬೈಲು. ಅದಕ್ಕೆ ಸಿಗ್ನಲ್ ಸಿಗುವುದು ಅಂಗಳದಾಚೆಯ ಹಲಸಿನ ಮರದ ಬುಡದಲ್ಲಿ. ಇಂಟರ್ನೆಟ್ ಇರುವುದು ಜಗುಲಿಯಲ್ಲಿ. ಹೀಗಾಗಿ ಅಪ್ಪಯ್ಯ ಮರದಡಿಗೆ ಹೋಗಿ ನಿಂತ, ನಾನು ಜಗುಲಿಯಲ್ಲಿ ಕುಳಿತೆ, ಓಟಿಪಿಯೂ ಬಂತು. ಆದರೆ ಅಪ್ಪಯ್ಯ ಬಾಯಿ ಬಿಡಲಿಲ್ಲ. “ಓಟಿಪಿ ಯಾರಿಗೂ ಹೇಳಡಿ ಹೇಳಿ ಬ್ಯಾಂಕಿನವು ಹೇಳಿದ್ದ. ಅದ್ರಲ್ಲಿ ನೀನೂ ಬಂದ್ಯಲಾ ತಮಾ” ಎಂದು ಅಲ್ಲಿಂದಲೇ ಕೂಗಿದ. ತತ್ತ್ವತಃ ಅವನ ಮಾತು ಸರಿಯಾಗಿತ್ತು. ಅದನ್ನು ನಾನು ಒಪ್ಪುವಷ್ಟರಲ್ಲಿ ಓಟಿಪಿಯ ಅವಧಿ ಮುಗಿದಿತ್ತು. ಮುಂದಿನ ಓಟಿಪಿಯನ್ನು ಅವನು ಇಡೀ ಕೇರಿಗೆ ಕೇಳಿಸುವಂತೆ ಓದಿದ. ಪಕ್ಕದ ಮನೆಯ ಭಾವ ತೋಟದಿಂದಲೇ ಅದನ್ನು ಪುನಃ ಹೇಳಿ ದೃಢಪಡಿಸಿದ.

ಖಾತೆ ತೆರೆಯಿತು, ಒಳಗೆ ಏನೂ ಇರಲಿಲ್ಲ. ಈ ವ್ಯವಸ್ಥೆಯಲ್ಲಿ ದಾಖಲೆಗಳು ಸರಕಾರದ ಯಾವುದೋ ಉಗ್ರಾಣಕ್ಕೆ ಬಂದು ಬೀಳುವುದಿಲ್ಲ. ಅವು ಹುಟ್ಟಿದ ಆಸ್ಪತ್ರೆಯಲ್ಲಿಯೇ ಇರುತ್ತವೆ. ಆ ಆಸ್ಪತ್ರೆ ಈ ಜಾಲಕ್ಕೆ ಸೇರಿ, ನಮ್ಮ ಸಂಖ್ಯೆಗೆ ದಾಖಲೆಯನ್ನು ಜೋಡಿಸಿದರೆ ಮಾತ್ರ ಅದು ನಮ್ಮ ಕಣ್ಣಿಗೆ ಕಾಣುತ್ತದೆ. ಹಳೆಯದನ್ನು ನಾವೇ ಫೋಟೋ ತೆಗೆದು ಏರಿಸಬೇಕು. ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತೆಗೆದ ಫೋಟೋದಲ್ಲಿ ಅಪ್ಪಯ್ಯನ ಎಡ ಶ್ವಾಸಕೋಶದೊಳಗೆ ನಮ್ಮ ಹಿತ್ತಿಲಿನ ದಾಸವಾಳ ಚೆನ್ನಾಗಿ ಅರಳಿದೆ. ಪ್ರತಿ ಫೋಟೋಗೂ ಆ್ಯಪ್ ಇದು ಔಷಧ ಚೀಟಿಯೋ, ತಪಾಸಣಾ ವರದಿಯೋ, ಬಿಡುಗಡೆಯ ಸಾರಾಂಶವೋ ಎಂದು ಕೇಳುತ್ತದೆ. ಮದುವೆಯ ಕರೆಯೋಲೆ ಎಂಬ ಆಯ್ಕೆ ಅದರಲ್ಲಿಲ್ಲ.

ಘಟ್ಟದ ಕೆಳಗೆ ನಾವು ಹೋಗುವ ಆಸ್ಪತ್ರೆಗೆ ತನ್ನದೇ ಪ್ರತ್ಯೇಕ ಪೋರ್ಟಲ್ ಇದೆ. ನಮ್ಮ ಸೀಮೆಯವರು ಗಣಪತಿ, ನಾರಾಯಣ, ಮಂಜುನಾಥ ಎಂಬ ನಾಲ್ಕಾರು ಹೆಸರುಗಳನ್ನು ಹೆಗಡೆ, ಭಟ್ಟ ಎಂಬ ಒಂದೆರಡು ಅಡ್ಡಹೆಸರುಗಳೊಂದಿಗೆ ಕೂಡಿಸಿಕೊಂಡು ತಲೆಮಾರುಗಳಿಂದ ಇಡೀ ತಾಲ್ಲೂಕನ್ನು ನಿಭಾಯಿಸುತ್ತಿರುವುದರಿಂದ, ಪೋರ್ಟಲ್ ಒಮ್ಮೆ ಗಲಿಬಿಲಿಗೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಅದರ ಪ್ರಕಾರ ಅಪ್ಪಯ್ಯನಿಗೆ ಮೂವತ್ತನಾಲ್ಕು ವರ್ಷ, ಬೈಕಿನಿಂದ ಬಿದ್ದು ಮಂಡಿಗೆ ಪೆಟ್ಟಾಗಿತ್ತು, ಸಕ್ಕರೆ ಕಾಯಿಲೆಯ ಸುಳಿವೂ ಇರಲಿಲ್ಲ. ಸರಿಪಡಿಸಲು ಹೇಳೋಣವೆಂದರೆ, ಅಂಥ ಅವಸರವೇನೂ ಇಲ್ಲ ಎಂದು ಅಪ್ಪಯ್ಯ ಹೇಳಿದ.

ನಿಜವಾದ ಗಲಾಟೆ ಆರಂಭವಾದದ್ದು ಎಲ್ಲವೂ ಸರಿಯಾದ ಮೇಲೆ. ರಕ್ತ ಕೊಟ್ಟು ಘಟ್ಟ ಹತ್ತಿ ಮನೆಗೆ ಬರುವಷ್ಟರಲ್ಲಿ ವರದಿ ಮೊಬೈಲಿನಲ್ಲಿತ್ತು. ವೈದ್ಯರು ಅದನ್ನು ಇನ್ನೂ ನೋಡಿರಲಿಲ್ಲ. ಹಿಮೋಗ್ಲೋಬಿನ್‌ನಿಂದ ಪ್ಲೇಟ್‌ಲೆಟ್‌ವರೆಗೆ ಇಪ್ಪತ್ತರಷ್ಟು ಸಾಲುಗಳಿರುವ ಆ ಪಟ್ಟಿಯಲ್ಲಿ ಎಂಪಿವಿ ಎಂಬುದರ ಎದುರು ಕೆಂಪು ಬಣ್ಣದಲ್ಲಿ ‘ಎಚ್’, ಅಂದರೆ ‘ಹೈ’, ಹೆಚ್ಚು ಎಂದಿತ್ತು. ಎಂಪಿವಿ ಎಂದರೆ ಪ್ಲೇಟ್‌ಲೆಟ್‌ಗಳ ಸರಾಸರಿ ಗಾತ್ರ. ಅಪ್ಪಯ್ಯನ ಪ್ಲೇಟ್‌ಲೆಟ್‌ಗಳು ಇರಬೇಕಾದುದಕ್ಕಿಂತ ತುಸು ದಪ್ಪಗಿವೆ ಎಂಬ ಸುದ್ದಿ ಸಂಜೆಯೊಳಗೆ ಕುಮಟಾದ ಚಿಕ್ಕಮ್ಮನಿಗೆ ತಲುಪಿ, ಅವಳು ಒಂದೆಲಗದ ಕಷಾಯವನ್ನು ಸೂಚಿಸಿದಳು. ಅಮೆರಿಕದಲ್ಲಿರುವ ಅತ್ತೆಯ ಮಗನಿಗೆ ಫೋನು ಹೋಯಿತು. ಅಲ್ಲಿಯಾದರೆ 2021ರ ಏಪ್ರಿಲ್‌ನಿಂದ ವರದಿಗಳನ್ನು ರೋಗಿಗೆ ತೋರಿಸದೆ ಸುಮ್ಮನೆ ತಡೆಹಿಡಿಯಬಾರದೆಂಬ ನಿಯಮವೇ ಇದೆ, ತಾನು ಇಂಥ ಎಷ್ಟೋ ಕೆಂಪು ಅಕ್ಷರಗಳನ್ನು ವೈದ್ಯರಿಗಿಂತ ಮೊದಲೇ ನೋಡಿ ನಿದ್ದೆಗೆಟ್ಟಿದ್ದೇನೆ ಎಂದು ಅವನು ಸಮಾಧಾನ ಹೇಳಿದ. ಅದು ಯಾರಿಗೂ ಸಮಾಧಾನ ತರಲಿಲ್ಲ.

ಈ ಕೆಂಪು ಅಕ್ಷರದ ಲೆಕ್ಕ ಸ್ವಾರಸ್ಯಕರವಾದುದು. ಸಾಮಾನ್ಯವಾಗಿ ಪ್ರಯೋಗಾಲಯಗಳು ಆರೋಗ್ಯವಂತರ ರಕ್ತವನ್ನು ಪರೀಕ್ಷಿಸಿ, ಅವರಲ್ಲಿ ಶೇಕಡಾ 95 ಮಂದಿಯ ಅಂಕಿಗಳು ಒಳಗೆ ಬರುವಂತೆ ಎರಡು ಗೆರೆಗಳನ್ನು ಎಳೆಯುತ್ತವೆ. ಉಳಿದ ಶೇಕಡಾ 5 ಮಂದಿಯೂ ಆರೋಗ್ಯವಂತರೇ, ಆದರೆ ಗೆರೆಯ ಹೊರಗೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಮಾಡಿಸಿದರೆ, ಏನೂ ಕಾಯಿಲೆಯಿಲ್ಲದವನಿಗೂ ಕನಿಷ್ಠ ಒಂದು ಕೆಂಪು ಅಕ್ಷರ ಸಿಗುವ ಸಂಭವ ಸುಮಾರು ಶೇಕಡಾ 64. ಅಂದರೆ ವರದಿಯಲ್ಲಿ ಒಂದೂ ಕೆಂಪು ಇಲ್ಲದವನೇ ಅಪರೂಪದ ಮನುಷ್ಯ. ಇದನ್ನು ನಾನು ರಾತ್ರಿ ಊಟದ ಹೊತ್ತಿಗೆ ವಿವರವಾಗಿ ತಿಳಿಸಿದೆ. ಎಲ್ಲವನ್ನೂ ಕೇಳಿದ ಆಯಿ, ಹಾಗಾದರೆ ಅಪ್ಪಯ್ಯ ಆ ಅರವತ್ತನಾಲ್ಕರಲ್ಲಿ ಇದ್ದಾನೆಂದು ಬರೆದುಕೊಡುವವರು ಯಾರು ಎಂದು ಕೇಳಿದಳು. ಸಂಖ್ಯಾಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಆಕ್ಷೇಪಣೆಯನ್ನು ನಾನು ಕೇಳಿಲ್ಲ. ವೈದ್ಯರು ಮಾತ್ರ ಆ ಸಾಲನ್ನು ನೋಡದೆಯೇ ಪುಟ ತಿರುವಿ ಹಾಕಿದರು.

ಇಷ್ಟೆಲ್ಲ ತಾಪತ್ರಯಗಳ ನಡುವೆ ಅಪ್ಪಯ್ಯನಿಗೆ ಈ ವ್ಯವಸ್ಥೆಯಲ್ಲಿ ತುಂಬ ಹಿಡಿಸಿದ ಸಂಗತಿಯೆಂದರೆ ಅನುಮತಿ. ಬೇರೆ ಆಸ್ಪತ್ರೆಯವರು ನಮ್ಮ ದಾಖಲೆಗಳನ್ನು ನೋಡಬೇಕಾದರೆ ಮೊದಲು ಕೋರಿಕೆ ಕಳುಹಿಸಬೇಕು. ಯಾವ ದಾಖಲೆಗಳನ್ನು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನದನ್ನು, ಎಷ್ಟು ದಿನ ನೋಡಬಹುದು ಎಂಬುದನ್ನೆಲ್ಲ ನಾವೇ ನಿರ್ಧರಿಸಬಹುದು. ಕೊಟ್ಟ ಅನುಮತಿಯನ್ನು ಆಮೇಲೆ ರದ್ದುಪಡಿಸಲೂಬಹುದು. ಇದುವರೆಗೆ ಆಸ್ಪತ್ರೆಗಳಲ್ಲಿ ಬೆಂಚಿನ ಮೇಲೆ ಕುಳಿತು ತನ್ನ ಹೆಸರು ಕೂಗುವುದನ್ನೇ ಕಾಯುತ್ತಿದ್ದವನಿಗೆ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದು ತನ್ನ ಒಪ್ಪಿಗೆಗಾಗಿ ಕಾಯುತ್ತಿದೆ ಎಂಬುದು ಅರಗಿಸಿಕೊಳ್ಳಲಾಗದಷ್ಟು ಗೌರವವಾಗಿ ಕಂಡಿತು. ಕೋರಿಕೆಗೆ ಕೂಡಲೇ ಉತ್ತರಿಸುವುದು ಘನತೆಗೆ ತಕ್ಕುದಲ್ಲವೆಂದು ಅವನು ಮೊದಲು ಸಂಧ್ಯಾವಂದನೆ ಮುಗಿಸಿದ. ಆಮೇಲೆ ಕನ್ನಡಕ ಹಾಕಿಕೊಂಡು, ದಿನಾಂಕಗಳನ್ನು ಪಂಚಾಂಗದೊಂದಿಗೆ ತಾಳೆ ನೋಡಿ, ಗಣೇಶ ಚೌತಿಯ ಮುಂಚಿನ ವರದಿಗಳಿಗೆ ಮಾತ್ರ ಒಪ್ಪಿಗೆ ನೀಡಿದ. ಚೌತಿಯ ಚಕ್ಕುಲಿ, ಪಂಚಕಜ್ಜಾಯ, ಮೋದಕಗಳ ನಂತರ ಮಾಡಿಸಿದ ಸಕ್ಕರೆ ಪರೀಕ್ಷೆ ಕಾನೂನುಬದ್ಧವಾಗಿ ಹೊರಗುಳಿಯಿತು.

ಹುಬ್ಬಳ್ಳಿಯ ವೈದ್ಯರು ಹಳೆಯ ಅಂಕಿಗಳನ್ನು ನೋಡಿ ಬಹಳ ಚೆನ್ನಾಗಿದೆ ಎಂದರು. ಅಪ್ಪಯ್ಯ ನನ್ನತ್ತ ಗೆಲುವಿನ ನೋಟ ಬೀರಿದ. ಅಷ್ಟರಲ್ಲಿ ಅವರು ಇನ್ನೊಂದು ಚೀಟಿ ಬರೆದು, ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಬಿಡಿ ಎಂದರು. ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಸಕ್ಕರೆಯನ್ನು ಅಳೆದು, ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಒಂದೇ ಅಂಕಿಯಲ್ಲಿ ಹೇಳಿಬಿಡುವ ಪರೀಕ್ಷೆ ಅದು. ಉಪವಾಸವಿದ್ದು ಬಂದರೂ, ಬೆಳಗ್ಗೆ ಮೆಂತೆ ನೀರು ಕುಡಿದು ಬಂದರೂ ಅದಕ್ಕೆ ಲೆಕ್ಕವಿಲ್ಲ. ಸಂಜೆ ಬಸ್ಸಿನಲ್ಲಿ ಬರುವಾಗ ಮೊಬೈಲು ಸದ್ದು ಮಾಡಿತು. ದಪ್ಪನೆಯ ಕೆಂಪು ‘ಎಚ್’. ಈ ಬಾರಿ ಅದು ಸಂಖ್ಯಾಶಾಸ್ತ್ರದ್ದಾಗಿರಲಿಲ್ಲ. ಅಪ್ಪಯ್ಯ ಅದನ್ನು ಬಹಳ ಹೊತ್ತು ನೋಡಿ, ಕೊಟ್ಟ ಅನುಮತಿಯನ್ನು ರದ್ದುಪಡಿಸುವ ಸವಲತ್ತು ಕೊಟ್ಟ ರಕ್ತಕ್ಕೂ ಅನ್ವಯಿಸುತ್ತದೆಯೇ ಎಂದು ಕೇಳಿದ.